ನನ್ನ ಉಪ್ಪುನೀರಿನ ಟ್ಯಾಂಕಿನ ಪೈಜಾಮ ಕಾರ್ಡಿನಲ್ ಮೀನು ಐದು ದಿನದಿಂದ ಏನೂ ತಿಂದಿಲ್ಲ, ದವಡೆ ಊದಿದ ಹಾಗಿದೆ, ಹಗಲೆಲ್ಲ ಒಂದೇ ಕಡೆ ನಿಂತಿರುತ್ತೆ. ಯಾವ ಔಷಧಿ ಹಾಕಲಿ?

ಯಾವುದೂ ಬೇಡ. ದವಡೆ ಊದಿದ ಹಾಗಿದೆ ಅಂತ ನೀವೇ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಈ ದಿಗಿಲು ನಾನೂ ಪಟ್ಟಿದ್ದೇನೆ, ಹಾಗಾಗಿ ನೇರವಾಗಿ ಹೇಳ್ತೀನಿ: ಅದು ಗಂಡು, ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದೆ.

ಹೆಣ್ಣು ಮೊಟ್ಟೆ ಇಟ್ಟ ತಕ್ಷಣ ಗಂಡು ಅಷ್ಟನ್ನೂ ಬಾಯಿಗೆ ತುಂಬಿಕೊಳ್ಳುತ್ತೆ. ಮರಿ ಹೊರಬರುವ ತನಕ, ಅಂದರೆ ಹೆಚ್ಚುಕಮ್ಮಿ ಒಂದು ವಾರದಿಂದ ಹತ್ತು ದಿನ, ಉಪವಾಸ. ಅಲ್ಲಾಡದೆ ಗಮನಿಸಿ: ಆಗಾಗ ಬಾಯಿ ಅಗಲಿಸಿ ಮೊಟ್ಟೆಯ ಮುದ್ದೆಯನ್ನು ಹೊರಳಿಸಿ ಮತ್ತೆ ಮುಚ್ಚುತ್ತೆ. ಎಲ್ಲ ಮೊಟ್ಟೆಗೂ ಆಮ್ಲಜನಕ ಸಿಗಬೇಕಲ್ಲ. ಬಲೆ ಹಾಕಿ ಹಿಡಿಯೋಕೆ ಹೋದರೆ ಉಗುಳುತ್ತೆ, ಇಲ್ಲಾ ನುಂಗುತ್ತೆ.

ಜನ ಎಡವೋದು ತಾಮ್ರದ ಔಷಧಿಯಲ್ಲಿ. ಅಂಗಡಿಯವರು ಮೊದಲು ಕೈಗೆ ಕೊಡೋದೇ ಅದನ್ನ. ಪರೋಪಜೀವಿಯನ್ನು ಕೊಲ್ಲೋಕೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ಬೇಕು. ಸೀಗಡಿ, ಬಸವನಹುಳು, ಹವಳ ಅದಕ್ಕಿಂತ ಎಷ್ಟೋ ಕಡಿಮೆಗೇ ಸಾಯುತ್ತವೆ. ಟ್ಯಾಂಕಿನ ಕಲ್ಲು, ಮರಳು ಸುಣ್ಣದಂಶದವು, ತಾಮ್ರವನ್ನು ಹೀರಿಕೊಳ್ಳುತ್ತವೆ. ಪರೀಕ್ಷೆ ಮಾಡಿದರೆ ಪ್ರಮಾಣ ಇಳಿದಿರುತ್ತೆ, ಸಾಲದು ಅಂತ ಇನ್ನಷ್ಟು ಸುರಿಯುತ್ತಾರೆ. ಆಮೇಲೆ ಯಾವಾಗಲೋ ಪಿಎಚ್ ಬಿದ್ದಾಗ ಅದೇ ಕಲ್ಲು ಹೀರಿದ್ದನ್ನು ವಾಪಸ್ ಬಿಡುತ್ತೆ. ತಿಂಗಳುಗಳ ನಂತರ ತಂದ ಸೀಗಡಿ ಸತ್ತರೂ ಕಾರಣ ಹೊಳೆಯೋದಿಲ್ಲ. ನಿಜವಾಗಿ ಕಾಯಿಲೆಯಾದರೆ ಕಲ್ಲು, ಮರಳು ಇಲ್ಲದ ಬೇರೆ ತೊಟ್ಟಿ, ಅಡಗೋಕೆ ಎರಡು ಪಿವಿಸಿ ಪೈಪ್ ತುಂಡು. ಔಷಧಿ ಅಲ್ಲಿ ಮಾತ್ರ.

ಇನ್ನು ಕದಲದೆ ನಿಲ್ಲೋದು. ಆ ದೊಡ್ಡ ಕೆಂಪು ಕಣ್ಣು ನೋಡಿ, ಇದು ರಾತ್ರಿ ಪಾಳಿಯ ಮೀನು. ಜಾವಾದಿಂದ ಫಿಜಿವರೆಗೆ, ಹವಳದ ದಿಬ್ಬದೊಳಗಿನ ಅಲೆ ಬಡಿಯದ ಲಗೂನುಗಳಲ್ಲಿ, ಹದಿನಾಲ್ಕು ಮೀಟರ್ ಆಳದೊಳಗೆ ಇದರ ವಾಸ. ಹಗಲು ಪೊರೈಟೀಸ್ ಹವಳದ ಬೆರಳಿನಂಥ ಕೊಂಬೆಗಳ ಮಧ್ಯೆ ಗುಂಪಾಗಿ ತೇಲುತ್ತಾ ನಿಲ್ಲುತ್ತೆ, ಕತ್ತಲಾದ ಮೇಲೆ ಚದುರಿ ತಳದ ಹತ್ತಿರ ಸೀಗಡಿಯಂಥ ಸಣ್ಣ ಕಠಿಣಚರ್ಮಿಗಳನ್ನು ಹಿಡಿದು ತಿನ್ನುತ್ತೆ. ಇದರ ಬಳಗದ ಬೇರೆ ಕಾರ್ಡಿನಲ್‌ಗಳನ್ನು ಆಸ್ಟ್ರೇಲಿಯಾದ ಒನ್ ಟ್ರೀ ದ್ವೀಪದಲ್ಲಿ ಒಂದೆರಡು ಕಿಲೋಮೀಟರ್ ದೂರ ಬಿಟ್ಟು ನೋಡಿದ್ದಾರೆ. ಎಷ್ಟೋ ಮೀನುಗಳು ತಮ್ಮ ಹಳೇ ಜಾಗಕ್ಕೇ ವಾಪಸ್ ಬಂದವು. ಹಾಗಿರುವಾಗ ನಿಮ್ಮದು ಮೂಲೆ ಬಿಡಲಿಲ್ಲ ಅಂದರೆ ಅದರಲ್ಲಿ ವಿಶೇಷವೇನು?

ಉಪವಾಸ ಮುಗಿದ ಮೇಲೂ ಮಧ್ಯಾಹ್ನ ಗುಳಿಗೆ ಆಹಾರ ಹಾಕಿ ತಿಂತಿಲ್ಲ ಅನ್ನಬೇಡಿ. ದೊಡ್ಡ ದೀಪ ಆರಿಸಿ ಅರ್ಧ ಗಂಟೆಯಾದ ಮೇಲೆ, ಮಂದ ನೀಲಿ ಬೆಳಕಲ್ಲಿ, ಫ್ರೀಜರಿನ ಮೈಸಿಸ್ ಸೀಗಡಿಯನ್ನು ಟ್ಯಾಂಕಿನ ನೀರಲ್ಲೇ ಕರಗಿಸಿ, ಆ ನೀರು ಚೆಲ್ಲಿ, ಪಿಪೆಟ್ಟಿನಿಂದ ಅದರ ಮುಂದೆ ಬಿಡಿ. ಮೀನಿಗೆ ಐದಾರು ಸಾಕು. ಮೋಟಾರಿನ ರಭಸ ಆ ಮೂಲೆಗೆ ಬೀಳದಿರಲಿ. ಉಷ್ಣತೆ 25-26 ಡಿಗ್ರಿ, ಉಪ್ಪಿನ ಮಟ್ಟ ತೋರಿಸುವ ಸಾಪೇಕ್ಷ ಸಾಂದ್ರತೆ 1.025.

ಮರಿ ಉಳಿಸುವ ಆಸೆ ಈ ಸಲ ಬಿಡಿ. ಇದರ ಬಳಗದ ಬಂಗ್ಗಾಯ್ ಕಾರ್ಡಿನಲ್ ಮೀನಿನ ಮರಿಯಾಗಿದ್ದರೆ ಹುಟ್ಟುತ್ತಲೇ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿಯ ಮರಿ ತಿನ್ನುತ್ತಿತ್ತು. ಇದರದ್ದು ತೀರಾ ಸಣ್ಣ ಲಾರ್ವಾ, ಅದಕ್ಕೆ ತಿನ್ನಿಸೋಕೆ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನು ಮೊದಲೇ ಬೆಳೆಸಿಟ್ಟುಕೊಂಡಿರಬೇಕು.

ಹನ್ನೆರಡು ದಿನ ಕಳೆದರೂ ರಾತ್ರಿಯ ಮೈಸಿಸ್ ಮುಟ್ಟದಿದ್ದರೆ, ಕಿವಿರು ಜೋರಾಗಿ ಬಡಿಯುತ್ತಿದ್ದರೆ, ಮೈಮೇಲೆ ಮಸುಕು ಪೊರೆಯೋ ಬಿಳಿ ಚುಕ್ಕಿಯೋ ಕಂಡರೆ, ಆಗ ಫೋಟೋ ಹಾಕಿ, ಬೇರೆ ತೊಟ್ಟಿಯ ಮಾತಾಡೋಣ.