ಪಕ್ಕದ ಮನೆಯ ಮ್ಯಾಕರೋನಿ ಚೀಸ್

ನೀವು ಬರೆದದ್ದನ್ನು ಎರಡು ಸಲ ಓದಿದೆ. ನೀವು ಇಂಗ್ಲೆಂಡಿಗೆ ಬಂದು ಆರು ವಾರ ಆಯಿತು. ಪಕ್ಕದ ಮನೆಯವರು ಒಂದು ಪಾತ್ರೆ ಮ್ಯಾಕರೋನಿ ಚೀಸ್, ಅಂದರೆ ಚೀಸ್ ಸಾಸಿನಲ್ಲಿ ಬೇಯಿಸಿದ ಸಣ್ಣ ಕೊಳವೆಯಂಥ ಪಾಸ್ತಾ, ತಂದುಕೊಟ್ಟರು. ನಿಮ್ಮ ಮಗ ತಳ ಕೆರೆದು ತಿಂದ, ಈಗ ಮನೆಯಲ್ಲೇ ಮಾಡು ಅಂತ ಹಟ ಹಿಡಿದಿದ್ದಾನೆ. ನೀವು ಎರಡು ಸಲ ಮಾಡಿದಿರಿ, ಎರಡು ಸಲವೂ ಸಾಸ್ ರವೆ ರವೆಯಾಗಿ ಎಣ್ಣೆ ಬಿಟ್ಟಿತು. ಶನಿವಾರ ಅವನ ಶಾಲೆಯ ಗೆಳೆಯರಿಬ್ಬರು ಬರುತ್ತಾರೆ. ಇದನ್ನು ಇಲ್ಲಿಯವರು ನಿಜಕ್ಕೂ ಇಷ್ಟಪಟ್ಟು ತಿನ್ನುತ್ತಾರಾ, ಸಸ್ಯಾಹಾರಿಗಳಾದ ನಮಗೆ ಆಗುತ್ತಾ ಅಂತ ಕೇಳಿದ್ದೀರಿ. ಅವರ ಪಾತ್ರೆ ಇನ್ನೂ ನಿಮ್ಮ ಅಡುಗೆಮನೆಯಲ್ಲೇ ಇದೆ, ವಾಪಸ್ ಕೊಡೋಕೆ ಸಂಕೋಚ ಅಂತಲೂ ಬರೆದಿದ್ದೀರಿ. ಆ ಒಂದು ಸಾಲಿಗಾಗಿಯೇ ಇಷ್ಟು ಉದ್ದ ಉತ್ತರ ಬರೆಯುತ್ತಿದ್ದೇನೆ.

ಕೋಟು, ಡಾಕ್ಟರ್, ಕತ್ತಲು, ಮನೆ ಅಂತ ನೀವು ಕೇಳಿದ ಮಿಕ್ಕ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಕೋಟು ದಪ್ಪ ಇರಬೇಕು ಅಂತೇನಿಲ್ಲ, ಮಳೆನೀರು ಒಳಗೆ ಬಿಡಬಾರದು ಅಷ್ಟೆ. ಒಳಗೆ ಎರಡು ಮೂರು ತೆಳು ಬಟ್ಟೆ ಹಾಕಿಕೊಳ್ಳಿ. ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್, ಅವರ ಹತ್ತಿರ ಹುಷಾರು ತಪ್ಪುವ ಮೊದಲೇ ಹೆಸರು ಬರೆಸಿ. ನವೆಂಬರ್ ಕೊನೆಗೆ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತೆ. ಮಕ್ಕಳು ಅದಕ್ಕೆ ಬೇಗ ಒಗ್ಗುತ್ತಾರೆ, ಕುಗ್ಗುವುದು ನಾವೇ. ಮನೆ ವಿಷಯ ಇನ್ನೊಂದು ದಿನ ಬರೆಯುತ್ತೇನೆ.

ಇನ್ನು ಮ್ಯಾಕರೋನಿ. ಇಷ್ಟಪಡುತ್ತಾರಾ ಅಂದರೆ, ಹೌದು, ತುಂಬಾ ಇಷ್ಟಪಡುತ್ತಾರೆ. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಚಳಿ ಸಂಜೆಯಲ್ಲಿ ಮನೆಗೆ ಬಂದು ಒಂದು ಬಟ್ಟಲು ಹಿಡಿದು ಕೂತರೆ ಮಾತೇ ಆಡಲ್ಲ. ಶಾಲೆಯ ಊಟದಲ್ಲಿ ಮುದ್ದೆಯಾಗಿ ಬೆಂದದ್ದನ್ನು ತಿಂದು ಬೇಸತ್ತವರೂ ಇದ್ದಾರೆ, ಅವರಿಗೆ ಹೆಸರು ಕೇಳಿದರೆ ಸಾಕು, ಮುಖ ಸಪ್ಪಗಾಗುತ್ತೆ. ಆದರೆ ಅಂಥವರು ಕಡಿಮೆ. ಇದು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಮ್ಯಾಂಚೆಸ್ಟರಿನ ಎಲಿಜಬೆತ್ ರಾಫಲ್ಡ್ ಅನ್ನುವವರು 1769ರಲ್ಲಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲೇ ಇದು ಇದೆ. ಬೇಯಿಸಿದ ಮ್ಯಾಕರೋನಿ, ಕೆನೆ, ಹಿಟ್ಟಿನಲ್ಲಿ ಹೊರಳಿಸಿದ ಬೆಣ್ಣೆ, ಮೇಲೆ ಕೆಂಪಗೆ ಕಾಯಿಸಿದ ಪಾರ್ಮೆಸಾನ್ ಅನ್ನುವ ಇಟಲಿಯ ಗಟ್ಟಿ ಚೀಸ್. ಬೇಗ ಆರಿಹೋಗುತ್ತೆ, ಬಿಸಿನೀರು ತುಂಬಿದ ತಟ್ಟೆಯಲ್ಲಿಟ್ಟು ಕಳಿಸಿ ಅಂತಲೂ ಹೇಳಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಇದನ್ನೇ ಗಟ್ಟಿ ಹಿಟ್ಟಿನ ಬಟ್ಟಲಿಗೆ ತುಂಬಿ ಪೈ ಮಾಡಿ ಮಾರುತ್ತಾರೆ.

ನಿಮ್ಮ ಸಾಸ್ ಯಾಕೆ ಒಡೆಯಿತು ಅನ್ನುವುದು ನೀವು ಬರೆದ ರೀತಿಯಲ್ಲೇ ಗೊತ್ತಾಯಿತು. ಹಾಲು ಕುದಿಯುವಾಗಲೇ ಚೀಸ್ ಹಾಕಿದ್ದೀರಿ, ಹಾಕಿದ ಮೇಲೂ ಕುದಿಸಿದ್ದೀರಿ. ಕಾವು ಜಾಸ್ತಿಯಾದರೆ ಚೀಸಿನಲ್ಲಿರುವ ಪ್ರೋಟೀನ್ ಬಿಗಿದುಕೊಳ್ಳುತ್ತೆ, ಒಳಗಿದ್ದ ಕೊಬ್ಬನ್ನೂ ನೀರನ್ನೂ ಹಿಂಡಿ ಹೊರಗೆ ಬಿಡುತ್ತೆ. ಆಮೇಲೆ ಎಷ್ಟು ತಿರುವಿದರೂ ಕೂಡಿಕೊಳ್ಳುವುದು ಕಷ್ಟ. ಇನ್ನೊಂದು, ತುರಿದೇ ಮಾರುವ ಪ್ಯಾಕೆಟ್ ತಂದಿದ್ದೀರಿ ಅನಿಸುತ್ತೆ. ಅದು ಅಂಟಿಕೊಳ್ಳದಿರಲಿ ಅಂತ ಆಲೂಗಡ್ಡೆ ಪಿಷ್ಟದಂಥದ್ದೇನೋ ಸವರಿರುತ್ತಾರೆ, ಸಾಸ್ ನುಣ್ಣಗಾಗಲ್ಲ. ಗಟ್ಟಿ ತುಂಡು ತಂದು ನೀವೇ ತುರಿಯಿರಿ. ಹತ್ತು ನಿಮಿಷದ ಕೆಲಸ.

ನಾನು ಮಾಡುವುದು ಹೀಗೆ. ನಾಲ್ಕು ಜನಕ್ಕೆ 250 ಗ್ರಾಂ ಮ್ಯಾಕರೋನಿ. ಉಪ್ಪು ಹಾಕಿದ ನೀರಿನಲ್ಲಿ, ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ ಎರಡು ನಿಮಿಷ ಮೊದಲೇ ಬಸಿದುಬಿಡಿ, ಮಿಕ್ಕದ್ದು ಓವನ್‌ನಲ್ಲಿ ಬೇಯುತ್ತೆ. 40 ಗ್ರಾಂ ಬೆಣ್ಣೆ ಕರಗಿಸಿ 40 ಗ್ರಾಂ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ಕೈಯಾಡಿಸಿ. ಹಸಿ ವಾಸನೆ ಹೋಗಬೇಕು, ಬಣ್ಣ ತಿರುಗಬಾರದು. ಅಂಗಡಿಯಲ್ಲಿ ಪ್ಲೇನ್ ಫ್ಲೋರ್ ಅಂತ ಇರುವುದೇ ಬೇಕು, ಉಬ್ಬುವ ಪುಡಿ ಬೆರೆಸಿದ ಸೆಲ್ಫ್ ರೈಸಿಂಗ್ ತರಬೇಡಿ. ಆಮೇಲೆ 600 ಮಿಲಿ ಹಾಲು. ಒಂದೇ ಸಲ ಸುರಿಯಬೇಡಿ. ಮೊದಲು ಒಂದು ಸೌಟು, ಅದು ಹಿಟ್ಟಿನ ಜೊತೆ ಕೂಡಿಕೊಂಡ ಮೇಲೆ ಇನ್ನೊಂದು, ಹೀಗೆ ಗಂಟು ಕಟ್ಟದ ಹಾಗೆ ತಿರುವುತ್ತಾ ಹೋಗಿ. ಚಮಚದ ಬೆನ್ನಿಗೆ ಸಾಸ್ ಅಂಟಿಕೊಂಡು, ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಅಲ್ಲಿಗೆ ಒಲೆ ಆರಿಸಿ. ಒಂದು ನಿಮಿಷ ಸುಮ್ನೆ ಬಿಡಿ. ಈಗ ಚೀಸ್, ಒಂದೊಂದೇ ಹಿಡಿ. 250 ಗ್ರಾಂ ಸಾಕು. ಪೂರ್ತಿ ಹಳೆಯ, ಚುರುಕು ರುಚಿಯ ಚೆಡ್ಡರ್ ಚೀಸ್ ಒಂದನ್ನೇ ಹಾಕಿದರೆ ರುಚಿ ಚೆನ್ನ, ಆದರೆ ಬೇಗ ಒಡೆಯುತ್ತೆ. ಅರ್ಧ ಹಳೆಯದು, ಅರ್ಧ ಎಳೆಯದು ಹಾಕಿ, ಅಥವಾ ಕಿತ್ತಳೆ ಬಣ್ಣದ ರೆಡ್ ಲೆಸ್ಟರ್ ಚೀಸ್ ಸೇರಿಸಿ, ಬಣ್ಣವೂ ಬರುತ್ತೆ. ಒಂದು ಚಮಚ ಇಂಗ್ಲಿಷ್ ಸಾಸಿವೆ ಪುಡಿ ಮರೆಯಬೇಡಿ. ಸ್ವಲ್ಪ ಜಾಯಿಕಾಯಿ, ಸ್ವಲ್ಪ ಕಾಳುಮೆಣಸು, ಮೆಣಸಿನಕಾಯಿ ಪುಡಿ ಅಲ್ಲ. ಸಾಸ್ ನಿಮಗೆ ತೀರಾ ನೀರು ಅನಿಸಬೇಕು, ಯಾಕೆಂದರೆ ಮ್ಯಾಕರೋನಿ ಅದನ್ನೆಲ್ಲ ಹೀರಿಕೊಳ್ಳುತ್ತೆ. ಎರಡನ್ನೂ ಬೆರೆಸಿ ಪಾತ್ರೆಗೆ ಸುರಿದು ಓವನ್‌ನಲ್ಲಿಡಿ. ಫ್ಯಾನ್ ಇರುವ ಓವನ್ ಆದರೆ 180 ಡಿಗ್ರಿ, ಇಲ್ಲದಿದ್ದರೆ 200. ಇಪ್ಪತ್ತೈದು ನಿಮಿಷ ಬೇಕು, ಅಂಚಿನಲ್ಲಿ ಗುಳ್ಳೆ ಏಳುವುದು ಕಂಡರೆ ಆಯಿತು.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದವರು ಮನೆಯಲ್ಲಿದ್ದರೆ ಲ್ಯಾಕ್ಟೋಸ್ ಇಲ್ಲದ ಹಾಲಿನಲ್ಲೂ ಸಾಸ್ ಹೀಗೇ ಆಗುತ್ತೆ. ಹಳೆಯ ಚೆಡ್ಡರಿನಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ, ಹೊಟ್ಟೆ ಉಬ್ಬರಿಸುವುದು ಹಾಲಿನಿಂದ.

ಸಸ್ಯಾಹಾರದ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಚೀಸ್ ಅಂದರೆ ಬರೀ ಹಾಲು ಅಂತ ನಾವು ಅಂದುಕೊಂಡಿರುತ್ತೇವೆ. ಹಾಲು ಒಡೆಯಲು ರೆನೆಟ್ ಹಾಕುತ್ತಾರೆ. ಹಳೆಯ ಪದ್ಧತಿಯಲ್ಲಿ ಅದು ಎಳೆಗರುವಿನ ಹೊಟ್ಟೆಯಿಂದ ತೆಗೆದದ್ದು. ಅಸಲಿ ಪಾರ್ಮೆಸಾನ್ ಇವತ್ತಿಗೂ ಅದರಲ್ಲೇ ಆಗಬೇಕು, ಅದು ಅವರ ನಿಯಮ. ಸ್ವಿಟ್ಜರ್ಲೆಂಡಿನ ಗ್ರುಯೇರ್ ಚೀಸ್ ಕೂಡ ಹಾಗೇ. ಆದರೆ ಇಲ್ಲಿನ ಎಷ್ಟೋ ಚೆಡ್ಡರ್‌ಗಳನ್ನು ಪ್ರಾಣಿಯಿಂದ ತೆಗೆಯದ ರೆನೆಟ್‌ನಲ್ಲಿ ಮಾಡುತ್ತಾರೆ, ಪ್ಯಾಕೆಟ್ ಹಿಂದೆ ಸಸ್ಯಾಹಾರಿಗಳಿಗೆ ಆಗುತ್ತೆ ಅಂತ ಬರೆದಿರುತ್ತೆ. ಹಿಂದೆ ತಿರುಗಿಸಿ ಓದಿ, ಅಷ್ಟೆ.

ಅಷ್ಟೇ ಅಂತ ಈಗ ಸುಲಭವಾಗಿ ಬರೆಯುತ್ತಿದ್ದೇನೆ. ನಾನು ಬಂದದ್ದು 2004ರ ಜನವರಿಯಲ್ಲಿ. ಎರಡನೇ ವಾರ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಒದ್ದೆ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ನೀಲಿ ಅಂಚಿನ ಬಿಳಿ ಪಿಂಗಾಣಿ ಪಾತ್ರೆ, ಸುತ್ತ ಚೌಕುಳಿ ಬಟ್ಟೆ. ಬಟ್ಟೆಯ ಸಂದಿನಿಂದ ಹಬೆ ಬರುತ್ತಿತ್ತು. ಮ್ಯಾಕರೋನಿ ಚೀಸ್, ಬಿಸಿ ಇದ್ದಾಗಲೇ ತಿನ್ನಿ ಅಂದರು. ನಾನು ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡೆ.

ತಿನ್ನಲಿಲ್ಲ. ಅದರಲ್ಲಿ ಏನಿದೆಯೋ, ಯಾವ ಪಾತ್ರೆಯಲ್ಲಿ ಏನು ಬೇಯಿಸಿದ್ದರೋ ಅನ್ನುವ ಅನುಮಾನ. ಕೇಳಬಹುದಿತ್ತು. ಕೇಳಿದರೆ ಅವರಿಗೆ ಬೇಜಾರಾಗುತ್ತೆ ಅಂದುಕೊಂಡೆ. ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ, ಕಾಣದ ಹಾಗೆ ಕಸದ ಚೀಲದ ತಳಕ್ಕೆ ತುರುಕಿದೆ. ಪಾತ್ರೆ ತೊಳೆದು ಮರುದಿನ ವಾಪಸ್ ಕೊಟ್ಟೆ. ನಮ್ಮ ಮನೆಗಳಲ್ಲಿ ಪಾತ್ರೆ ಖಾಲಿ ಹಿಂದಿರುಗಿಸಲ್ಲ, ನಿಮಗೆ ಹೇಳಬೇಕಾ? ನಾನು ಖಾಲಿ ಪಾತ್ರೆಯನ್ನೇ ಕೊಟ್ಟು, ತುಂಬಾ ಚೆನ್ನಾಗಿತ್ತು ಅಂದೆ. ಅವರ ಮುಖ ಅರಳಿತು.

ಅದೇ ತಪ್ಪಾಯಿತು. ಚೆನ್ನಾಗಿತ್ತು ಅಂದದ್ದಕ್ಕೆ ಮುಂದಿನ ಗುರುವಾರ ಮತ್ತೆ ಬಂತು. ಆಮೇಲೆ ಚಳಿಗಾಲ ಪೂರ್ತಿ, ಹೆಚ್ಚು ಕಡಿಮೆ ಪ್ರತಿ ಗುರುವಾರ. ಪ್ರತಿ ಸಲ ಪೇಪರಿನಲ್ಲಿ ಸುತ್ತಿದೆ, ಪ್ರತಿ ಸಲ ಚೆನ್ನಾಗಿತ್ತು ಅಂದೆ.

ಮಾರ್ಚಿನಲ್ಲಿ ನನಗೆ ಜ್ವರ ಬಂತು. ಮನೆಯಲ್ಲಿ ಒಬ್ಬನೇ ಇದ್ದೆ, ಒಲೆ ಹಚ್ಚುವ ಶಕ್ತಿ ಇರಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಹಸಿವಾಗಿ ಅಡುಗೆಮನೆಗೆ ಹೋದರೆ ಆ ಪಾತ್ರೆ ಇತ್ತು. ತಣ್ಣಗಾಗಿ ಗಟ್ಟಿಯಾಗಿತ್ತು. ದೀಪ ಕೂಡ ಹಾಕದೆ, ನಿಂತೇ, ಚಮಚದಿಂದ ಒಂದು ಮೂಲೆ ಕಿತ್ತು ಬಾಯಿಗೆ ಹಾಕಿದೆ. ಮೇಲಿನ ಪದರ ಅಷ್ಟು ಹೊತ್ತಾದರೂ ಗರಿಗರಿ ಇತ್ತು. ಒಳಗೆ ಬೆಣ್ಣೆಯಂತೆ ಮೆತ್ತಗೆ. ಕೊನೆಗೆ ಗಂಟಲಲ್ಲಿ ಸಾಸಿವೆಯ ಸಣ್ಣ ಚುರುಕು. ನಿಂತಲ್ಲೇ ಇಡೀ ಪಾತ್ರೆ ಮುಗಿಸಿದೆ. ಇಷ್ಟು ವಾರ ಏನು ಎಸೆದೆ ಅಂತ ಗೊತ್ತಾದದ್ದು ಆವಾಗ.

ಮರುದಿನ ಕೇಳಬೇಕು ಅಂತ ಹೋದೆ. ಬಾಗಿಲು ತೆಗೆದರು. ಮೇಲೆ ಏನು ಹಾಕುತ್ತೀರಿ ಅನ್ನುವ ಮಾತು ನಾಲಿಗೆ ತುದಿಯವರೆಗೆ ಬಂತು. ಆದರೆ ಎಂಟು ಹತ್ತು ಸಲ ಚೆನ್ನಾಗಿತ್ತು ಅಂದವನು ಈಗ ಹೇಗೆ ಕೇಳಲಿ? ಮತ್ತೆ ಅದನ್ನೇ ಹೇಳಿ ಬಂದೆ. ಆ ಸಲ ಅದು ನಿಜವಾಗಿತ್ತು. ಕೇಳಿದವರಿಗೆ ವ್ಯತ್ಯಾಸ ಗೊತ್ತಾಗಲು ದಾರಿಯೇ ಇರಲಿಲ್ಲ.

ಬೇಸಿಗೆಯಲ್ಲಿ ಅವರ ಮಗಳು ಬಂದು ಅವರನ್ನು ತನ್ನ ಊರಿಗೆ ಕರೆದುಕೊಂಡು ಹೋದರು. ಸಾಮಾನು ಸಾಗಿಸುವ ದಿನ ಅಜ್ಜಿ ನನ್ನ ಕೈ ಹಿಡಿದು, ನೀವು ಮಾಂಸ ತಿನ್ನಲ್ಲ ಅಂತ ಮೊದಲೇ ಅಂದುಕೊಂಡಿದ್ದೆ, ಅದಕ್ಕೇ ಪ್ಯಾಕೆಟ್ ನೋಡಿ ನೋಡಿ ಚೀಸ್ ತರುತ್ತಿದ್ದೆ ಅಂದರು. ಆ ವಯಸ್ಸಿನಲ್ಲಿ, ಕನ್ನಡಕ ಹಾಕಿಕೊಂಡು, ಅಷ್ಟು ಸಣ್ಣ ಅಕ್ಷರ ಓದಿ. ನಾನು ಏನೂ ಹೇಳಲಿಲ್ಲ. ಇಷ್ಟು ವರ್ಷವಾದರೂ ಓವನ್ ಬಾಗಿಲು ತೆಗೆದಾಗಲೆಲ್ಲ ಆ ಮಾತು ನೆನಪಾಗುತ್ತೆ.

ಹಾಗಾಗಿ ನೀವು ಕೇಳಿ. ಚೀಸ್ ಯಾವುದು ಅಂತ ನೇರವಾಗಿ ಕೇಳಿದರೆ ಇಲ್ಲಿ ಯಾರೂ ತಪ್ಪು ತಿಳಿಯಲ್ಲ. ಶನಿವಾರದ ವಿಷಯಕ್ಕೂ ಇದೇ. ಆ ಮಕ್ಕಳ ಅಪ್ಪ ಅಮ್ಮನಿಗೆ ಮೊದಲೇ ಮೆಸೇಜ್ ಹಾಕಿ ಅಲರ್ಜಿ ಇದೆಯಾ ಅಂತ ವಿಚಾರಿಸಿ. ಇಲ್ಲಿ ಕಾನೂನು ಪಟ್ಟಿ ಮಾಡಿರುವ 14 ಅಲರ್ಜಿ ಪದಾರ್ಥಗಳಲ್ಲಿ ಗೋಧಿ, ಹಾಲು, ಸಾಸಿವೆ ಮೂರೂ ಈ ಒಂದೇ ಪಾತ್ರೆಯಲ್ಲಿವೆ. ಮತ್ತೆ ಟೀಗೆ ಬರ್ತಾರೆ ಅಂದಿದ್ದರೆ ಬರೀ ಟೀ ಬಿಸ್ಕತ್ತು ಇಟ್ಟುಬಿಡಬೇಡಿ. ಮಕ್ಕಳ ಟೀ ಅಂದರೆ ಸಂಜೆಯ ಊಟ. ಐದು ಗಂಟೆಗೆಲ್ಲ ಪಾತ್ರೆ ಮೇಜಿನ ಮೇಲಿರಲಿ. ಮಗುವಿಗೆ ಬೇಡ ಅಂದರೆ ಬೇಡ, ಇನ್ನೊಂದು ಸ್ವಲ್ಪ ಅಂತ ಬಡಿಸಬೇಡಿ. ನಮಗೆ ಕಷ್ಟ ಇದು, ನನಗೆ ಗೊತ್ತು.

ಒಂದು ಪಾಲು ಎತ್ತಿಟ್ಟು ಪಕ್ಕದ ಮನೆಯವರ ಪಾತ್ರೆಯಲ್ಲೇ ತುಂಬಿ ಕೊಟ್ಟುಬನ್ನಿ. ಸಾಸ್ ಮತ್ತೆ ಒಡೆದಿದ್ದರೂ ಪರವಾಗಿಲ್ಲ. ಹಾಗೇ ಮೇಲಿನ ಪದರಕ್ಕೆ ಅವರು ಏನು ಹಾಕುತ್ತಾರೆ ಕೇಳಿ, ನನಗೂ ಬರೆಯಿರಿ. ಬ್ರೆಡ್ ಪುಡಿ ಹಾಕಿ ನೋಡಿದ್ದೇನೆ, ಕಾರ್ನ್‌ಫ್ಲೇಕ್ಸ್ ನೋಡಿದ್ದೇನೆ, ಓಟ್ಸ್ ಕೂಡ. ಯಾವುದೂ ಅದಲ್ಲ.