ಮುಕ್ಕಾಲು ಟನ್ನಿನ ಡೀಸೆಲ್ ಪಿಕಪ್‌ಗೆ ಎಂಟು ಅಡಿಯ ಹಿಮನೇಗಿಲು ಕಟ್ಟಬಹುದೇ?

ನಿಮ್ಮ ಮುಕ್ಕಾಲು ಟನ್ ವರ್ಗದ (ಅದು ಹೆಸರಷ್ಟೇ, ಹೊರುವ ಮಿತಿಯಲ್ಲ), ನಾಲ್ಕು ಬಾಗಿಲಿನ ಕ್ರ್ಯೂ ಕ್ಯಾಬ್ ಟ್ರಕ್ಕಿಗೆ ಇನ್ನೂ 2,000 ಪೌಂಡ್ ಹೊರುವ ಶಕ್ತಿ ಇದೆ, ಹಾಗಾಗಿ ಮೂತಿಗೆ ಕಟ್ಟಿ ರಸ್ತೆಯ ಹಿಮ ತಳ್ಳುವ 820 ಪೌಂಡಿನ ನೇಗಿಲು ಲೆಕ್ಕಕ್ಕೇ ಇಲ್ಲ ಎಂದು ಮಾರುವವನು ಹೇಳಿದ್ದಾನೆ ಎಂದಿದ್ದೀರಿ. ನನಗೂ ಮಿಷಿಗನ್‌ನಲ್ಲಿ ಒಬ್ಬ ಇದನ್ನೇ ಹೇಳಿದ್ದ. ನಾನು ನಂಬಿದೆ. ಎರಡನೆಯ ಚಳಿಗಾಲ ಮುಗಿಯುವಷ್ಟರಲ್ಲಿ ಮುಂದಿನ ಚಕ್ರಗಳು ತಿರುಗಲು ಆಧಾರವಾದ ಬಾಲ್ ಜಾಯಿಂಟ್ ಕೀಲುಗಳು ಸವೆದು, ಗುಂಡಿ ಸಿಕ್ಕಿದಾಗಲೆಲ್ಲ ಸ್ಟಿಯರಿಂಗ್ ಕಟಕಟ ಅನ್ನುತ್ತಿತ್ತು.

ಇಲ್ಲಿ ನೋಡಬೇಕಾದದ್ದು ಒಟ್ಟು ತೂಕವನ್ನಲ್ಲ, ಮುಂದಿನ ಆಕ್ಸಲ್ಲಿನ, ಅಂದರೆ ಮುಂದಿನ ಚಕ್ರಗಳ ಅಚ್ಚಿನ, ಮಿತಿಯನ್ನು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಿ ಅದು ಬೇರೆಯಾಗಿಯೇ ಅಚ್ಚಾಗಿರುತ್ತದೆ. ನನ್ನದರಲ್ಲಿ 5,200 ಪೌಂಡ್ ಎಂದಿತ್ತು. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಹತ್ತಿಸಿದಾಗ, ನೇಗಿಲಿಲ್ಲದೆ, ನಾನೊಬ್ಬನೇ ಕುಳಿತಿದ್ದರೂ ಮುಂದಿನ ಆಕ್ಸಲ್ ಮೇಲೆ 4,560 ಬಿತ್ತು. ಡೀಸೆಲ್ ಎಂಜಿನ್ ಅಷ್ಟು ಭಾರ. ಉಳಿದದ್ದು 640.

ಎತ್ತಿನ ಗಾಡಿ ಕಂಡವರಿಗೆ ಮುಂದಿನದು ಸುಲಭ. ಹೇರು ಮುಂದಕ್ಕೆ ಸರಿದರೆ ಮೂಕಿ ಎತ್ತುಗಳ ಹೆಗಲನ್ನು ಒತ್ತುತ್ತದೆ. ನೇಗಿಲು ಆಕ್ಸಲ್ಲಿಗಿಂತ ಸುಮಾರು 48 ಅಂಗುಲ ಮುಂದೆ ತೂಗುತ್ತದೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ (ಚಕ್ರಾಂತರ) 160 ಅಂಗುಲ. 820 ಅನ್ನು 48ರಿಂದ ಗುಣಿಸಿ 160ರಿಂದ ಭಾಗಿಸಿದರೆ 246; ಅಷ್ಟು ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಅಂದರೆ ನೇಗಿಲನ್ನು ಎತ್ತಿದಾಗ 820 ಪೌಂಡ್ ಮುಂದಿನ ಆಕ್ಸಲ್ಲಿಗೆ 1,066 ಆಗಿ ಮುಟ್ಟುತ್ತದೆ, ಹಿಂದಿನದು 246 ಹಗುರವಾಗುತ್ತದೆ. ಮಿತಿ ಮೀರಿದ್ದು 426 ಪೌಂಡ್.

ಹಿಂದೆ ಮರಳುಚೀಲ ಹಾಕಿದರೆ? ಹಾಕಲೇಬೇಕು, ಬ್ರೇಕ್ ಹಾಕುವಾಗ ಹಿಂದಿನ ಚಕ್ರ ಜಾರದಿರಲು. ಆದರೆ ಹಿಂದಿನ ಆಕ್ಸಲ್ಲಿಗಿಂತ 40 ಅಂಗುಲ ಹಿಂದೆ 500 ಪೌಂಡ್ ಹೇರಿದರೂ ಮುಂದೆ ಇಳಿಯುವುದು 125 ಮಾತ್ರ. ಹೆಚ್ಚುವರಿ ಸ್ಪ್ರಿಂಗ್ ಕೂರಿಸಿದರೆ ಮೂತಿ ಮೇಲೇಳುತ್ತದೆ, ಚೀಟಿಯ ಸಂಖ್ಯೆ ಬದಲಾಗುವುದಿಲ್ಲ. ಬೇರಿಂಗ್, ಟೈರ್ ಎಲ್ಲ ಹಳೆಯವೇ ತಾನೆ.

ಹೊಸದು ಕೊಳ್ಳುವುದಾದರೆ ಪೆಟ್ರೋಲ್ ಎಂಜಿನ್, ಚಿಕ್ಕ ಕ್ಯಾಬ್, ಕಾರ್ಖಾನೆಯಿಂದಲೇ ಬರುವ ಸ್ನೋಪ್ಲೋ ಪ್ಯಾಕೇಜ್ (ಹಿಮನೇಗಿಲಿಗೆಂದೇ ಮಾಡಿದ ಸಿದ್ಧತೆ) ಕೇಳಿ. ಇದೇ ಟ್ರಕ್ಕು ಬೇಕೆಂದರೆ ಟ್ಯಾಂಕ್ ತುಂಬಿಸಿ, ಜೊತೆಗಾರನನ್ನೂ ಕೂರಿಸಿಕೊಂಡು ತೂಗಿಸಿ. ಮುಂದಿನ ಆಕ್ಸಲ್ಲಿನ ತೂಕ, ಚೀಟಿಯ ಮಿತಿ, ಚಕ್ರಾಂತರ ಇಷ್ಟನ್ನು ಇಲ್ಲಿ ಬರೆಯಿರಿ. ಎಷ್ಟು ಭಾರದ ನೇಗಿಲು ಹಿಡಿಸುತ್ತದೆ ಎಂದು ಲೆಕ್ಕ ಹಾಕಿ ಹೇಳುತ್ತೇನೆ.