ಜೀನು ಹೊತ್ತು ಬಂದ ಸಿಲ್ಲೇದಾರ

ಪ್ರಶ್ನೆ: ಮೇಷ್ಟ್ರೇ, ನಮ್ಮದು ಜಗಳೂರು ತಾಲ್ಲೂಕಿನ ಹಳ್ಳಿ. ನಮ್ಮ ಮನೆಗೆ ‘ಸಿಲ್ಲೇದಾರರ ಮನೆ’ ಅಂತ ಹೆಸರು. ಏಳು ತಲೆ ಹಿಂದಿನ ಅಜ್ಜ ಸ್ವಂತ ಕುದುರೆ ಹತ್ತಿ, ಮೈಸೂರಿನ ದಂಡಿನ ಜೊತೆ ಪುಣೆ ಕಡೆ ಹೋದರಂತೆ. ವರ್ಷ ಕಳೆದ ಮೇಲೆ ಕುದುರೆ ಬೆನ್ನಿನ ಜೀನನ್ನು ಹೆಗಲ ಮೇಲೆ ಹೊತ್ತು ನಡೆದು ಬಂದರಂತೆ. ಊರಿನವರು ಈಗಲೂ ‘ಯುದ್ಧ ಬಿಟ್ಟು ಬಂದವರು’ ಅಂತ ಆಡಿಕೊಳ್ಳುತ್ತಾರೆ. ಜೀನು ಗೆದ್ದಲು ತಿಂದು ಹೋಯಿತು. ಒಂದು ರಿಕಾಬು (ಸವಾರ ಕಾಲಿಡುವ ಲೋಹದ ಬಳೆ), ಓದಲು ಬಾರದ ಒಂದು ಕಾಗದ ಉಳಿದಿವೆ. ಅಜ್ಜ ನಿಜವಾಗಿ ಓಡಿ ಬಂದವರೇ?
– ಓದುಗರೊಬ್ಬರು, ಜಗಳೂರು ತಾಲ್ಲೂಕು

ಉತ್ತರ: ಜೀನು ಹೊತ್ತು ನಡೆದು ಬಂದರು ಅಂತ ನೀವೇ ಬರೆದಿದ್ದೀರಿ. ಓಡಿ ಬರುವವನು ಕುದುರೆ ಹತ್ತಿ ಓಡುತ್ತಾನೆ, ಅಲ್ವಾ? ಕುದುರೆ ಬಿಟ್ಟು ಜೀನು ಯಾಕೆ ಹೊರುತ್ತಾನೆ? ಅವರ ಕುದುರೆ ಸತ್ತಿರಬೇಕು. ಸಿಲ್ಲೇದಾರನಿಗೆ ಕುದುರೆ ಸತ್ತರೆ ಚಾಕರಿಯೇ ಮುಗಿದ ಹಾಗೆ.

ಸಿಲಾಹ್ ಅಂದರೆ ಆಯುಧ. ಸ್ವಂತ ಆಯುಧ, ಸ್ವಂತ ಕುದುರೆ ತಂದು ಚಾಕರಿಗೆ ನಿಂತವನೇ ಸಿಲ್ಲೇದಾರ. ಆಳಿಗೂ ಕುದುರೆಗೂ ಸೇರಿಸಿ ಸರ್ಕಾರ ಸಂಬಳ ಕೊಡುತ್ತಿತ್ತು. ಹುರುಳಿ, ಹುಲ್ಲು, ಲಾಳ ಎಲ್ಲ ಅದರಲ್ಲೇ ಆಗಬೇಕು. ಬೇರೆಯವರ ಕುದುರೆ ಹತ್ತಿ ದುಡಿಯುವವನಿಗೆ ಬಾರಗೀರ ಅಂತಿದ್ದರು. ನಮ್ಮ ದಾವಣಗೆರೆ ಕಡೆ ಹೇಳುವುದಾದರೆ, ಸಿಲ್ಲೇದಾರ ಅಂದರೆ ಸ್ವಂತ ಲಾರಿ ತಂದು ಬಾಡಿಗೆಗೆ ಬಿಟ್ಟವನು. ಬಾರಗೀರ ಅಂದರೆ ಅದರ ಡ್ರೈವರ್. ಲಾರಿ ಸುಟ್ಟುಹೋದರೆ ಮಾಲೀಕನ ಕೈ ಖಾಲಿ. ಇನ್ನೊಂದು ಕೊಳ್ಳಬೇಕು, ಇಲ್ಲಾ ಮನೆಗೆ ಬರಬೇಕು. ನಿಮ್ಮ ಅಜ್ಜ ಮನೆಗೆ ಬಂದರು. ಜೀನು ತಂದದ್ದು ಯಾಕೆ ಅಂದರೆ, ಹಾಕಿದ ಬಂಡವಾಳದಲ್ಲಿ ಉಳಿದದ್ದು ಅದೊಂದೇ. ಮುಂದೆ ಒಂದು ಕುದುರೆ ಕೊಂಡರೆ ಬೇಕಾಗುತ್ತದೆ ಅಂತ ಹೊತ್ತು ತಂದಿರುತ್ತಾರೆ. ಅದನ್ನು ಓದಿದಾಗ ನನಗೆ ಸಂಕಟವಾಯಿತು. ಇನ್ನೂರು ವರ್ಷ ನಿಮ್ಮ ಮನೆಯವರು ಸುಮ್ನೆ ತಲೆ ತಗ್ಗಿಸಿದ್ದೀರಿ.

ಪುಣೆ ಅನ್ನುವ ಮಾತು ದೊಡ್ಡ ಸುಳಿವು. 1803ರಲ್ಲಿ ಮರಾಠರ ಮೇಲೆ ಹೊರಟ ಕಂಪನಿ ದಂಡು ಸೇರಿದ್ದೇ ನಿಮ್ಮ ಪಕ್ಕದ ಹರಿಹರದಲ್ಲಿ. ಅಲ್ಲಿಂದ ಪುಣೆ ಕಡೆ ಹೊರಟ ತುಕಡಿಗೆ ಆರ್ಥರ್ ವೆಲ್ಲೆಸ್ಲಿ ಮುಖ್ಯಸ್ಥ. ದಿವಾನ್ ಪೂರ್ಣಯ್ಯನವರ ಕಾಲ ಅದು. ಮೈಸೂರಿನ ಕುದುರೆ ಪಡೆಯೂ ಜೊತೆಗೆ ಹೋಯಿತು. ಮಾರ್ಚ್‌ನಲ್ಲಿ ತುಂಗಭದ್ರೆ ದಾಟಿದರು, ಏಪ್ರಿಲ್ 20ಕ್ಕೆ ವೆಲ್ಲೆಸ್ಲಿ ಪುಣೆ ಮುಟ್ಟಿದ. ಸೆಪ್ಟೆಂಬರ್ 23ರಂದು ಅಸ್ಸಾಯೆ ಕಾಳಗ, ನವೆಂಬರ್ 29ರಂದು ಅಡಗಾಂವ್ ಕಾಳಗ. ಎರಡು ಕಾಳಗದ ಹೆಸರು ಹೇಳಿ ಮುಗಿಸುವುದು ಸುಲಭ. ಆದರೆ ತುಂಗಭದ್ರೆ ದಾಟಿದ ಮೇಲಿನ ಎಂಟು ತಿಂಗಳು ನೋಡಿ. ಮಳೆ, ಕೆಸರು, ಮೇಲೆ ದಖನ್ನಿನಲ್ಲಿ ಬರ. ಮೇವಿಲ್ಲದೆ ದಂಡಿನ ಎತ್ತುಗಳೇ ಸಾಯುತ್ತಿದ್ದವು. ಕುದುರೆ ಸಾಯಲು ಗುಂಡು ತಗಲಲೇಬೇಕು ಅಂತಿಲ್ಲ.

ಇನ್ನೊಂದು ದಾರಿಯೂ ಇದೆ. ಕಂಪನಿ ಜೊತೆಗಿನ 1807ರ ಒಪ್ಪಂದದ ಪ್ರಕಾರ ಮೈಸೂರು 4,000 ಕುದುರೆ ಸವಾರರನ್ನು ಸಿದ್ಧವಿಟ್ಟಿರಬೇಕಿತ್ತು. ಅವರಲ್ಲಿ ಹಲವರು 1817ರ ಡಿಸೆಂಬರ್ 21ರಂದು ಮಾಳವದ ಮಹಿದ್‌ಪುರದಲ್ಲಿ ಹೋಳ್ಕರ್ ಪಡೆಯ ಎದುರು ಕಾದಾಡಿದರು. ಮನೆಯ ಹಿರಿಯರನ್ನು ಕೇಳಿ, ಉಜ್ಜಯಿನಿ ಅನ್ನುವ ಹೆಸರು ಎಂದಾದರೂ ಕಿವಿಗೆ ಬಿದ್ದಿದೆಯಾ ಅಂತ. ನಿಮ್ಮ ಕಡೆಯವರು ಕೂಡಲೇ ಪಕ್ಕದ ಉಜ್ಜಿನಿ ಮಠ ಅಂದುಕೊಳ್ಳುತ್ತಾರೆ. ಅದಲ್ಲ. ಕ್ಷಿಪ್ರಾ ನದಿ ದಡದ ಉಜ್ಜಯಿನಿ. ಮಹಿದ್‌ಪುರ ಇರುವುದು ಅದರ ಹತ್ತಿರ.

ಈಗ ಕಾಗದ. ಇಂಥ ಹಳೆಯ ಕಾಗದದ ಕೂಡಿಸಿ ಬರೆದ ಬರಹಕ್ಕೆ ಮೋಡಿ ಅಕ್ಷರ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಮೋಡಿ ಎರಡು. ಮರಾಠಿ ಮೋಡಿಯಲ್ಲಿ ಮೊದಲು ಹಾಳೆಯ ಅಗಲಕ್ಕೂ ಒಂದು ಗೆರೆ ಎಳೆದು, ಅದರ ಕೆಳಗೆ ಲೇಖನಿ ಎತ್ತದೆ ಬರೆಯುತ್ತಿದ್ದರು. ಅಕ್ಷರಗಳು ಹಗ್ಗಕ್ಕೆ ನೇತು ಹಾಕಿದ ಬಟ್ಟೆಯಂತೆ ಕಾಣುತ್ತವೆ. ಕನ್ನಡ ಮೋಡಿಯಲ್ಲಿ ಆ ಉದ್ದ ಗೆರೆ ಇರುವುದಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಹಿಡಿದು ನೋಡಿ, ಗೊತ್ತಾಗುತ್ತದೆ. ಗೆರೆ ಇದ್ದರೆ ಮರಾಠಿ ಮೋಡಿ ಓದುವವರನ್ನು ಹುಡುಕಿ. ಯಾವುದೇ ಆಗಲಿ, ಮೊಬೈಲಿನಲ್ಲಿ ಫೋಟೊ ತೆಗೆದು ಅದನ್ನು ತೋರಿಸಿ. ಮೂಲ ಕಾಗದ ಮನೆ ದಾಟದಿರಲಿ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಪ್ಲಾಸ್ಟಿಕ್ ಅಂಟಿದರೆ ಬಿಡಿಸಲು ಆಗುವುದಿಲ್ಲ. ಹೆಸರು, ವರ್ಷ ಸಿಕ್ಕರೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ, ಮೈಸೂರು ಸಂಸ್ಥಾನದ ಸವಾರ್ ಕಚೇರಿ ಕಡತಗಳನ್ನು ಕೇಳಿ.

ರಿಕಾಬನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊಳಲ್ಕೆರೆ ಹತ್ತಿರ ನಮ್ಮ ನೆಂಟರ ಮನೆಯಲ್ಲಿ ಒಂದಿತ್ತು, ಕೊಟ್ಟಿಗೆಯಲ್ಲಿ ಕರು ಕಟ್ಟಲು ಬಳಸುತ್ತಿದ್ದರು. ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಪಾದ ಊರುವ ಪಟ್ಟಿ ಒಂದು ಬದಿಯಲ್ಲಿ ಬೆರಳಿನಷ್ಟು ದಪ್ಪ, ಇನ್ನೊಂದು ಬದಿಯಲ್ಲಿ ಸವೆದು ತಗಡಾಗಿತ್ತು. ನಿಮ್ಮದನ್ನೂ ತಿರುಗಿಸಿ ನೋಡಿ. ಸವೆದಿದ್ದರೆ, ನಿಮ್ಮ ಅಜ್ಜ ಹಾದಿಯುದ್ದಕ್ಕೂ ಅದರ ಮೇಲೇ ಭಾರ ಬಿಟ್ಟು ಕೂತಿದ್ದರು. ಆಡಿಕೊಳ್ಳುವವರಿಗೂ ತೋರಿಸಿ.

ಪ್ರಶ್ನೆ: ನಮ್ಮ ಹಿರಿಯರೊಬ್ಬರು ‘ಹರಿಹರದ ದಂಡಿನಲ್ಲಿ ಸಿಪಾಯಿ’ ಆಗಿದ್ದರಂತೆ. ವಿಕ್ಟೋರಿಯಾ ರಾಣಿ ಮುಖ ಇರುವ ಬೆಳ್ಳಿ ಪದಕ ಇದೆ. ಇವರೂ ಸಿಲ್ಲೇದಾರರೇ?
– ಓದುಗರು, ದಾವಣಗೆರೆ

ಉತ್ತರ: ಅಲ್ಲ. ಹರಿಹರದ ಹೊರಗೆ 1865ರವರೆಗೆ ದಂಡು ಪ್ರದೇಶ ಇತ್ತು. ಅಲ್ಲಿ ಬೀಡುಬಿಟ್ಟಿದ್ದದ್ದು ಮದ್ರಾಸ್ ಸೈನ್ಯದ ಕಾಲಾಳು ಪಲ್ಟನ್. ಅಲ್ಲಿ ಸಿಪಾಯಿಗೆ ಬಂದೂಕು, ಬಟ್ಟೆ ಸರ್ಕಾರದ್ದು. ಪದಕದ ಅಂಚನ್ನು ಭೂತಗನ್ನಡಿ ಇಟ್ಟು ನೋಡಿ. ಸಾಮಾನ್ಯವಾಗಿ ಅಲ್ಲೇ ಸಿಪಾಯಿಯ ಹೆಸರು, ಪಲ್ಟನ್ನಿನ ನಂಬರ್ ಇಂಗ್ಲಿಷಿನಲ್ಲಿ ಕೊರೆದಿರುತ್ತಾರೆ. ಮೇಲೆ ರಿಬ್ಬನ್ನಿಗೆ ಹಾಕಿದ ಬೆಳ್ಳಿ ಪಟ್ಟಿಯಲ್ಲಿ ‘ಪೆಗು’ ಅಂತ ಇದ್ದರೆ ನಿಮ್ಮ ಹಿರಿಯರು 1852ರ ಬರ್ಮಾ ಯುದ್ಧಕ್ಕೆ ಹೋದವರು. ಅಂದರೆ ತುಂಗಭದ್ರೆ ದಡದ ಮನುಷ್ಯ ಹಡಗು ಹತ್ತಿ ಸಮುದ್ರ ದಾಟಿದ್ದರು. ಅಂಚಿನ ಬರಹ ಓದಿದ ಮೇಲೆ ಇನ್ನೊಂದು ಕಾಗದ ಬರೆಯಿರಿ, ಮುಂದಿನ ದಾರಿ ತಿಳಿಸುತ್ತೇನೆ.